ಗೋವೆಯ ವಸಾಹತಿನ ಆರಂಭ: ಹೊನ್ನಾವರದ ಕಡೆಯಿಂದ

ಗೋವೆಯಲ್ಲಿ ಪೋರ್ಚುಗೀಸ್ ಆಳ್ವಿಕೆಯ ಆರಂಭವನ್ನು ಅಫೊನ್ಸೊ ದ ಅಲ್ಬುಕರ್ಕನೊಬ್ಬನ ಸಾಹಸವೆಂದು ಹೇಳುವುದು ರೂಢಿ. ಆದರೆ 1510ರ ಆರಂಭದಲ್ಲಿ ಅವನ ನೌಕಾಪಡೆ ಮಾಂಡೋವಿಯತ್ತ ತಿರುಗಿದ್ದು ಹೊನ್ನಾವರದ ತಿಮ್ಮೋಜನ ಸಲಹೆಯಿಂದ. ಬಿಜಾಪುರದ ಆದಿಲಶಾಹಿಯ ವಶದಲ್ಲಿದ್ದ ಬಂದರನ್ನು ಹಿಡಿಯಲು ಅದೇ ತಕ್ಕ ಸಮಯವೆಂದು ಸೂಚಿಸಿದ ಆತ ತನ್ನ ಹಡಗುಗಳೊಡನೆ ತಾನೂ ಜೊತೆಗೂಡಿದ. ತಿಮ್ಮೋಜನನ್ನು ಕೆಲವರು ಕಡಲುಗಳ್ಳನೆಂದೂ ಕೆಲವರು ವಿಜಯನಗರದ ಪಕ್ಷದ ನಾವಿಕನೆಂದೂ ಕರೆದಿದ್ದಾರೆ. ಆ ಕಾಲದ ಪಶ್ಚಿಮ ಕರಾವಳಿಯಲ್ಲಿ ಈ ಎರಡು ವೃತ್ತಿಗಳ ನಡುವಣ ಗೆರೆ ಬಹಳ ತೆಳುವಾದದ್ದು. ಕಡಲಾಚೆಯಿಂದ ಬರುತ್ತಿದ್ದ ಯುದ್ಧಾಶ್ವಗಳು ಇಳಿಯುವ ಬಂದರು ಯಾರ ಕೈಯಲ್ಲಿರಬೇಕೆಂಬುದು ವಿಜಯನಗರಕ್ಕೂ ಬಿಜಾಪುರಕ್ಕೂ ಸಾವು–ಬದುಕಿನ ಪ್ರಶ್ನೆಯಾಗಿತ್ತು.

ಮೇ ತಿಂಗಳಲ್ಲಿ ಕೈತಪ್ಪಿದ ಊರು ನವೆಂಬರ್ 25ರಂದು ಮತ್ತೆ ವಶವಾಯಿತು. ಅಲ್ಬುಕರ್ಕ ತನ್ನ ಸೈನಿಕರಿಗೆ ಸ್ಥಳೀಯ ಸ್ತ್ರೀಯರೊಡನೆ ಮದುವೆ ಮಾಡಿಸಿ ‘ಕಸಾದೊ’ ಎಂಬ ಗೃಹಸ್ಥವರ್ಗವನ್ನು ನೆಲೆಗೊಳಿಸಿದ. ಇದನ್ನು ಉದಾರನೀತಿಯೆಂದು ಹೊಗಳುವವರು ಆ ಸ್ತ್ರೀಯರಲ್ಲಿ ಸೆರೆಸಿಕ್ಕವರೂ ಇದ್ದರೆಂಬುದನ್ನು ಮರೆಯಬಾರದು.

ವಸಾಹತನ್ನು ಪೊರೆದದ್ದು ಮಾತ್ರ ಗ್ರಾಮಗಳ ಕಂದಾಯ. 1526ರಲ್ಲಿ ಅಫೊನ್ಸೊ ಮೆಶಿಯಾ ತಿಸವಾಡಿಯ ಗಾಂವ್‌ಕಾರರ ಹಕ್ಕುಬಾಧ್ಯತೆಗಳನ್ನು ‘ಫೊರಾಲ್’ ಎಂಬ ಶಾಸನದಲ್ಲಿ ದಾಖಲಿಸಿದ. ಪಾಳುಬಿದ್ದಿದ್ದ ದ್ವೀಪಕ್ಕೆ ಪೂರ್ವದಲ್ಲಿ ನಾಲ್ವರು ಬಂದು ಸಾಗುವಳಿಗೆ ತೊಡಗಿದರೆಂಬ ಐತಿಹ್ಯದಿಂದಲೇ ಅದು ಮೊದಲಾಗುತ್ತದೆ. ಊರಿನ ನೆಲ ಗಾಂವ್‌ಕಾರರ ಸಾಮೂಹಿಕ ಆಡಳಿತದಲ್ಲಿ ಉಳಿಯಿತು. ಕಂದಾಯ ದೊರೆಗೆ ಸಂದಿತು. 1607ರಲ್ಲಿ ಜೇಮ್ಸ್‌ಟೌನ್‌ನಿಂದ ಆರಂಭವಾದ ಇಂಗ್ಲಿಷ್ ವರ್ಜೀನಿಯಾದ ಜಾಡು ಬೇರೆ. ಅಲ್ಲಿ 1618ರ ಬಳಿಕ ವಲಸಿಗನ ತಲೆಗೆ 50 ಎಕರೆಯಂತೆ ನೆಲ ಹಂಚುತ್ತ, ಮೂಲನಿವಾಸಿಗಳನ್ನು ಹಿಂದಕ್ಕೆ ದೂಡಿ ತಂಬಾಕಿನ ತೋಟಗಳು ಬೆಳೆದವು. ಗೋವೆಯಲ್ಲಿ ಬಲಾತ್ಕಾರ ಕಡಿಮೆಯಿತ್ತೆಂದು ಇದರ ಅರ್ಥವಲ್ಲ. ದೇವಾಲಯಗಳ ನಾಶ, ದೇವಸ್ವದ ಭೂಮಿಯ ವರ್ಗಾವಣೆ, 1560ರ ಇನ್‌ಕ್ವಿಜಿಷನ್ ಎಲ್ಲವೂ ಮುಂದೆ ಬಂದವು. ಬಲಾತ್ಕಾರ ನೆಲಕ್ಕಿಂತ ಹೆಚ್ಚಾಗಿ ನಂಬಿಕೆಯ ಮೇಲೆ ಎರಗಿತು. ಅನೇಕ ಕುಟುಂಬಗಳು ತಮ್ಮ ದೇವರೊಡನೆ ಕೆನರಾಕ್ಕೆ ಸರಿದವು.

ಫೊರಾಲಿನ ಭಾಷೆ ಪೋರ್ಚುಗೀಸ್. ಊರವರ ಬರವಣಿಗೆ ನಡೆಯುತ್ತಿದ್ದದ್ದು ಕಂದವಿ ಅಥವಾ ಗೋಯ್‌ಕಾನಡಿ ಎಂಬ, ಕನ್ನಡಕ್ಕೆ ನಿಕಟವಾದ ಲಿಪಿಯಲ್ಲಿ. ಆಳಿದವರು ಬರೆಸಿದ್ದನ್ನೇ ಓದಿ ಈ ವಸಾಹತಿನ ಚರಿತ್ರೆಯನ್ನು ಕಟ್ಟಿದ್ದೇವೆ. ಉಳಿದಿರುವ ಕಂದವಿ ಪತ್ರಗಳನ್ನು ಓದಬಲ್ಲವರು ಇಂದು ಬೆರಳೆಣಿಕೆಯಷ್ಟು. ಕೊಂಕಣಿಯನ್ನೂ ಹಳೆಯ ಕನ್ನಡ ಲಿಪಿಯನ್ನೂ ಬಲ್ಲ ಕರಾವಳಿಯ ವಿದ್ಯಾರ್ಥಿಗೆ ಆ ಅಕ್ಷರಗಳು ಪೂರ್ತಿ ಅಪರಿಚಿತವೇನಲ್ಲ.