ಗಂಡೆಂದು ಓದುವ ಬಗೆ: ಎಡೆದೊರೆಯ ಬಸವಿ, ಮಿತಾಕ್ಷರೆಯ ಪುತ್ರಿಕೆ, ಆಗಮದ ಮಣುಸಿಣಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿಯಾಗಿದ್ದ ಎಫ್. ಫಾಸೆಟ್ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಸವಿಯರನ್ನು ಕುರಿತು ಒಂದು ಲೇಖನ ಪ್ರಕಟಿಸಿದನು. ದೇವರಿಗೆ ಅರ್ಪಿತರಾಗುವ ಮೂಲಕ ಪುರುಷರ ಹಕ್ಕುಗಳನ್ನು ತಳೆಯುವ ಸ್ತ್ರೀಯರು ಎಂಬ ವಿವರಣೆ ಅದರ ಶೀರ್ಷಿಕೆಯಲ್ಲಿಯೇ ಇದೆ. ಆಮೇಲೆ ಬಂದ ಬರವಣಿಗೆಯ ಬಹುಭಾಗವು ಈ ಶೀರ್ಷಿಕೆಯ ಪೂರ್ವಾರ್ಧವನ್ನು ಮಾತ್ರ ಹಿಡಿದುಕೊಂಡಿತು. ಅರ್ಪಣೆ, ಅದರೊಳಗಿನ ಶೋಷಣೆ, ಅದರ ನಿಷೇಧ ಇವು ಚರ್ಚೆಗೆ ಬಂದವು, ಬರಬೇಕಾದುದೂ ಹೌದು. ಆದರೆ ‘ಪುರುಷರ ಹಕ್ಕು’ ಎಂಬ ಉತ್ತರಾರ್ಧವು ಹಿಂದೆ ಉಳಿಯಿತು. ಒಂದು ಹೆಣ್ಣುಜೀವವನ್ನು ಸಮಾಜವು ಯಾವ ಆಧಾರದ ಮೇಲೆ ಗಂಡೆಂದು ಎಣಿಸಿತು ಎಂಬುದೇ ಈ ಲೇಖನದ ವಿಚಾರ.

ಮಟಮಾರಿಯು ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ರೈಲುದಾರಿಯಲ್ಲಿದೆ. ಅಲ್ಲಿಂದ ಮುಂದೆ ತುಂಗಭದ್ರೆಯನ್ನು ದಾಟಿದರೆ ಸಿಗುವ ಆದವಾನಿ ಸೀಮೆಯು 1953ರವರೆಗೆ ಬಳ್ಳಾರಿ ಜಿಲ್ಲೆಗೆ, ಎಂದರೆ ಮದ್ರಾಸ್ ಆಡಳಿತಕ್ಕೆ ಸೇರಿತ್ತು. ನದಿಯ ಈಚೆಗಿನ ರಾಯಚೂರು, ಮಾನ್ವಿ, ದೇವದುರ್ಗಗಳು 1956ರವರೆಗೆ ಹೈದರಾಬಾದಿಗೆ ಸೇರಿದ್ದವು. ಬಸವಿ ಪದ್ಧತಿಯ ಪ್ರಸಿದ್ಧ ದಾಖಲೆಗಳು ಬಳ್ಳಾರಿ ಜಿಲ್ಲೆಯವು. ಆದರೆ ನದಿಯು ಆಡಳಿತದ ಗಡಿಯಾಗಿತ್ತೇ ಹೊರತು ಆಚಾರದ ಗಡಿಯಾಗಿರಲಿಲ್ಲ. ಶಾಸನಗಳು ಎಡೆದೊರೆಯೆಂದು ಕರೆಯುವ, ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ನಾಡಿನಲ್ಲಿ ‘ಬಸವಿ’ ಎಂಬ ಶಬ್ದಕ್ಕೆ ಇಂದಿಗೂ ಅರ್ಥ ಹೇಳಬೇಕಾಗಿಲ್ಲ.

ಪದ್ಧತಿಯ ತಿರುಳು ಹೀಗಿದೆ. ಗಂಡುಸಂತಾನವಿಲ್ಲದ ಮನೆಯಲ್ಲಿ, ಮುಖ್ಯವಾಗಿ ಬೇಡರು, ಮಾದಿಗರು ಮೊದಲಾದ ಸಮುದಾಯಗಳಲ್ಲಿ, ಒಬ್ಬ ಮಗಳನ್ನು ದೇವರ ಹೆಸರಿನಲ್ಲಿ ಬಸವಿಯಾಗಿ ಬಿಡುತ್ತಿದ್ದರು. ಅವಳು ಮದುವೆಯಾಗಿ ಪರರ ಮನೆಗೆ ಹೋಗುವವಳಲ್ಲ. ತಂದೆಯ ಮನೆಯಲ್ಲಿಯೇ ಉಳಿಯುವಳು. ತಂದೆಯ ಆಸ್ತಿ ಅವಳಿಗೆ ಮಗನಿಗೆ ಸಲ್ಲುವಂತೆ ಸಲ್ಲುತ್ತಿತ್ತು. ಉತ್ತರಕ್ರಿಯೆಗಳನ್ನು ಅವಳು ಮಾಡಬಹುದಾಗಿತ್ತು. ಅವಳ ಮಕ್ಕಳು ಅವಳ ತಂದೆಯ ಮನೆತನದ ಹೆಸರನ್ನೇ ಮುಂದುವರಿಸುತ್ತಿದ್ದರು. ಬಸವಿ ಎಂಬುದು ದೇವರಿಗೆ ಬಿಟ್ಟ ಬಸವನ ಸ್ತ್ರೀರೂಪವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು: ಒಬ್ಬ ಒಡೆಯನ ಹಗ್ಗಕ್ಕೆ ಒಳಗಾಗದೆ ಊರೆಲ್ಲ ತಿರುಗುವ ಗೂಳಿ ಅದು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಏಳು ಸಂಪುಟಗಳ ಸಂಕಲನದಲ್ಲಿ ಬಳ್ಳಾರಿ ಸೀಮೆಯ ಅರ್ಪಣವಿಧಿಯ ವಿವರವೊಂದಿದೆ. ತುದಿಗೆ ನಿಂಬೆಹಣ್ಣು ಚುಚ್ಚಿದ ಖಡ್ಗವನ್ನು ಹುಡುಗಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಅವಳು ಅದನ್ನು ಬಲಗೈಯಿಂದ ಹಿಡಿದಿರುತ್ತಾಳೆ. ಮದುವೆಯಲ್ಲಿ ವಧುವಿನ ಬಲಕ್ಕೆ ವರನು ಕೂರುವನಷ್ಟೆ. ಇಲ್ಲಿ ಆ ಸ್ಥಾನದಲ್ಲಿರುವುದು ಖಡ್ಗ. ಅದೇ ವರ.

ಈ ವಿಧಿಯಲ್ಲಿ ಅವಳು ವಧುವಾಗಿಯೇ ಇದ್ದಾಳೆ ಎಂಬುದು ಗಮನಾರ್ಹ. ತಾಳಿಯಿದೆ, ಸೀರೆಯಿದೆ, ಬಳೆಯಿದೆ. ಗಂಡಿನ ಉಡುಪಿಲ್ಲ, ಗಂಡಿನ ಹೆಸರಿಲ್ಲ. ಅಲ್ಬೇನಿಯಾದ ಬೆಟ್ಟದ ನಾಡಿನಲ್ಲಿಯೂ ಮನೆಗೆ ಗಂಡುದಿಕ್ಕಿಲ್ಲದಾಗ ಹೆಣ್ಣೊಬ್ಬಳು ಆ ಸ್ಥಾನವನ್ನು ವಹಿಸುವ ಸಂಪ್ರದಾಯವಿತ್ತು. ಆದರೆ ಅಲ್ಲಿ ಅವಳು ಆಜೀವ ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿ, ಕೂದಲು ಕತ್ತರಿಸಿ, ಗಂಡಿನ ವೇಷವನ್ನು ಧರಿಸಬೇಕಾಗಿತ್ತು. ಕಣ್ಣಿಗೆ ಗಂಡಾಗಿ ಕಾಣದೆ ಹಕ್ಕಿನಲ್ಲಿ ಗಂಡಾಗುವಂತಿರಲಿಲ್ಲ. ಬಸವಿಯ ವಿಷಯದಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಅವಳ ಗಂಡುತನವಿರುವುದು ಹೊಲದ ಪಾಲಿನಲ್ಲಿ, ಚಿತೆಯ ಬೆಂಕಿಯಲ್ಲಿ, ಮಕ್ಕಳ ಮನೆತನದ ಹೆಸರಿನಲ್ಲಿ. ಇದಕ್ಕೆ ವ್ಯತಿರಿಕ್ತವಾಗಿ ಇದೇ ಸೀಮೆಯ ಎಲ್ಲಮ್ಮನ ಜೋಗಪ್ಪಂದಿರು ಹೆಣ್ಣಿನ ಸ್ಥಾನಕ್ಕೆ ಬರುವಾಗ ಸೀರೆ, ಬಳೆ, ಮುತ್ತುಗಳನ್ನು ತೊಡುತ್ತಾರೆ. ಅದು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ.

ಇದನ್ನು ಅಶಿಕ್ಷಿತರ ಗ್ರಾಮಾಚಾರವೆಂದು ತಳ್ಳಿಹಾಕುವವರು ಮಿತಾಕ್ಷರೆಯನ್ನು ತೆರೆದು ನೋಡಬೇಕು. ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದನು. ಔರಸಪುತ್ರನಿಗೆ ಸಮಾನನೆಂದು ಸ್ಮೃತಿಯು ಹೇಳುವ ‘ಪುತ್ರಿಕಾಸುತ’ ಎಂಬ ಸಮಾಸಕ್ಕೆ ಅವನು ಎರಡು ಬಿಡಿಸುವಿಕೆಗಳನ್ನು ಕೊಡುತ್ತಾನೆ. ಪುತ್ರಿಕೆಯ ಮಗ ಎಂಬುದು ಮೊದಲನೆಯದು. ಗಂಡುಸಂತಾನವಿಲ್ಲದ ತಂದೆಯು ನಿಯಮಿಸಿದ ಮಗಳಲ್ಲಿ ಹುಟ್ಟಿದವನು ಎಂಬ ಪರಿಚಿತವಾದ ಅರ್ಥ. ಎರಡನೆಯದು ಸ್ವಾರಸ್ಯಕರವಾದುದು. ಪುತ್ರಿಕೆಯೇ ಸುತ, ಮಗಳೇ ಮಗ. ಷಷ್ಠೀತತ್ಪುರುಷದ ಬದಲು ಕರ್ಮಧಾರಯ ಮಾಡಿದೊಡನೆ ಒಂದು ಹೆಣ್ಣು ದಾಯಾದಿಗಳ ಸಾಲಿನಲ್ಲಿ ಎದ್ದು ನಿಲ್ಲುತ್ತಾಳೆ. ಕೂಡಲೇ ವ್ಯಾಖ್ಯಾನಕಾರನು ಒಂದು ತಡೆಯನ್ನೂ ಹಾಕುತ್ತಾನೆ: ಅವಳು ಔರಸನಿಗೆ ಸಮಾನಳು ಮಾತ್ರ, ಔರಸನೇ ಅಲ್ಲ, ಏಕೆಂದರೆ ಅವಳ ದೇಹದಲ್ಲಿ ತಂದೆಯ ಅವಯವಗಳು ಕಡಿಮೆ, ತಾಯಿಯವು ಹೆಚ್ಚು. ಸ್ಥಾನವನ್ನು ಕೊಟ್ಟ ಮೇಲೂ ದೇಹದ ಲೆಕ್ಕ ಬಿಡಲಿಲ್ಲ.

ಶಾಸನಗಳಲ್ಲಿಯೂ ಇಂಥ ಸ್ಥಾನಗ್ರಹಣ ಕಾಣುತ್ತದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದಾಗ ಆ ಅಧಿಕಾರವು ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಶಿಕಾರಿಪುರ ತಾಲೂಕಿನ ಬಂದಳಿಕೆಯ ಶಾಸನವು ಜಿನಶಾಸನಭಕ್ತೆಯಾದ ಈಕೆಯ ಆಡಳಿತಸಾಮರ್ಥ್ಯವನ್ನು ಹೊಗಳುವಾಗ, ಹೆಣ್ಣಾಗಿದ್ದರೂ ತನ್ನ ಪರಾಕ್ರಮದಿಂದ ನಾಡನ್ನು ಕಾಪಾಡಿದಳು ಎಂಬ ಅರ್ಥದ ಮಾತನ್ನು ಸೇರಿಸುತ್ತದೆ. ಈ ‘ಆಗಿದ್ದರೂ’ ಎಂಬುದನ್ನು ಕವಿಸಮಯವೆಂದು ದಾಟಿಹೋಗಬಾರದು. ನಾಳ್ಗಾವುಂಡತನವು ಗಂಡಿನದೆಂಬ ಭಾವನೆಯಿದ್ದುದರಿಂದಲೇ ಅದು ಬೇಕಾಯಿತು. ರೋಗಪೀಡಿತಳಾದ ಜಕ್ಕಿಯಬ್ಬೆ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. ಅವಳ ಅಧಿಕಾರಕ್ಕೆ ಪತಿಯ ಮರಣ ಕಾರಣವಾದರೆ, ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿಗೆ ಅಂಥ ಕಾರಣ ಬೇಕಾಗಲಿಲ್ಲ. ಕಿಸುಕಾಡು ಎಪ್ಪತ್ತನ್ನು ಆಳಿದ, 1047ರಲ್ಲಿ ಗೋಕಾಗೆಯ ಕೋಟೆಯನ್ನು ಮುತ್ತಿದ ಈ ರಾಜಪುತ್ರಿಯ ಬಿರುದುಗಳು ‘ಗುಣದಬೆಡಂಗಿ’, ‘ರಣಭೈರವಿ’ ಎಂದು ಸ್ತ್ರೀರೂಪದಲ್ಲಿಯೇ ಇವೆ. ಅರಸುಮನೆತನದ ಜನ್ಮವು ಕೊಡುವ ಈ ಸೌಲಭ್ಯ ಗಾವುಂಡನ ಹೆಂಡತಿಗಿಲ್ಲ, ಬೇಡರ ಮಗಳಿಗಂತೂ ಇಲ್ಲ.

ದೇವದುರ್ಗದ ಉತ್ತರಕ್ಕೆ ಕೃಷ್ಣೆಯನ್ನು ದಾಟಿದರೆ ಸುರಪುರ ಸೀಮೆಯ ಮುದನೂರು; ಆದ್ಯ ವಚನಕಾರ ಜೇಡರ ದಾಸಿಮಯ್ಯನ ಊರು. ಜನರು ಗಡ್ಡಮೀಸೆಗಳನ್ನು ನೋಡಿ ಗಂಡೆಂದು ನಿಶ್ಚಯಿಸುವುದನ್ನು ಪ್ರಶ್ನಿಸಿ, ಆತ್ಮಕ್ಕೆ ಆ ಎರಡು ಹೆಸರುಗಳೂ ಸಲ್ಲವೆಂದು ಹೇಳುವ ಅವನ ವಚನ ಎಲ್ಲರಿಗೂ ಗೊತ್ತು. ಇದೇ ಆಶಯದ ಗೊಗ್ಗವ್ವೆಯ ವಚನವನ್ನು ಅದರ ಪಕ್ಕದಲ್ಲಿಟ್ಟು ಓದುವವರು ಕಡಿಮೆ. ಅವಳು ಗಡ್ಡವನ್ನು ಬಿಟ್ಟು ಮೀಸೆಯ ಜೊತೆಗೆ ಕಾಸೆಯನ್ನು ಸೇರಿಸುತ್ತಾಳೆ. ಮೀಸೆ ಮೈಯಲ್ಲಿ ಬೆಳೆಯುವಂಥದು, ಕಾಸೆ ಮೈಗೆ ಕಟ್ಟಿಕೊಳ್ಳುವಂಥದು. ಹೆಣ್ಣಾದ ವಚನಕಾರ್ತಿಗೆ ಗಂಡುತನದ ಗುರುತುಗಳಲ್ಲಿ ಒಂದು ಕೇವಲ ಉಡುಗೆಯೆಂಬುದು ಕಂಡಿತು ಎಂದು ನಾನು ಓದುತ್ತೇನೆ.

ದೇಹದ ಗುರುತು ಬೇರೆ, ಒಳಗಿನ ಭಾವ ಬೇರೆ ಎಂಬ ಭೇದವನ್ನು ಶಾಸ್ತ್ರವಾಗಿ ಬೆಳೆಸಿದವರು ಜೈನಾಚಾರ್ಯರು. ಜೈನ ಕರ್ಮಸಿದ್ಧಾಂತದಲ್ಲಿ ‘ವೇದ’ವೆಂದರೆ ಕಾಮಾಭಿಲಾಷೆ, ಪುರುಷವೇದ, ಸ್ತ್ರೀವೇದ, ನಪುಂಸಕವೇದವೆಂದು ಅದು ಮೂರು ಬಗೆ. ದೇಹದಿಂದ ಗಂಡಾದವನಲ್ಲಿ ಸ್ತ್ರೀವೇದದ ಉದಯವಾಗಬಹುದು. ಅವನು ದ್ರವ್ಯಪುರುಷ, ಭಾವಸ್ತ್ರೀ. ಲಿಂಗವನ್ನು ದೇಹಕ್ಕೆ ಮಾತ್ರ ಕಟ್ಟಿಹಾಕದ ಈ ಸೂಕ್ಷ್ಮತೆಯನ್ನು ಇಂದಿನ ಸಂಶೋಧಕರು ಮೆಚ್ಚಿಕೊಳ್ಳುತ್ತಾರೆ. ಆದರೆ ಅದನ್ನು ಯಾವ ಕೆಲಸಕ್ಕೆ ಬಳಸಲಾಯಿತು ಎಂಬುದನ್ನೂ ನೋಡಬೇಕು.

ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರವು ‘ಮಣುಸಿಣಿ’ಯರ, ಎಂದರೆ ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಹೇಳುತ್ತದೆ. ಅಲ್ಲಿ ‘ಸಂಜದ’, ಎಂದರೆ ಸಂಯತ ಎಂಬ ಪದವಿದ್ದರೆ ಸ್ತ್ರೀಗೆ ಪೂರ್ಣ ಸಂಯಮವೂ ಅದರ ಮುಂದಿನ ಮೆಟ್ಟಿಲುಗಳೂ ಸಾಧ್ಯವೆಂದಾಗುತ್ತದೆ. ಧವಳಾ ಟೀಕೆಯಲ್ಲಿ ವೀರಸೇನಾಚಾರ್ಯರು ಈ ತೊಡಕನ್ನು ತಾವೇ ಎತ್ತುತ್ತಾರೆ: ಹಾಗಾದರೆ ಇದೇ ಆಗಮದಿಂದ ಸ್ತ್ರೀಮುಕ್ತಿ ಸಿದ್ಧಿಸುವುದಲ್ಲವೇ? ಇಲ್ಲ, ವಸ್ತ್ರಧಾರಿಣಿಯರಾದ ದ್ರವ್ಯಸ್ತ್ರೀಯರಿಗೆ ಪೂರ್ಣ ಸಂಯಮವಿಲ್ಲ; ಹದಿನಾಲ್ಕು ಗುಣಸ್ಥಾನಗಳ ಮಾತು ಭಾವಸ್ತ್ರೀಯನ್ನು ಕುರಿತದ್ದು ಎಂಬುದು ಅವರ ಸಮಾಧಾನ. ಎಂದರೆ ಸೂತ್ರದ ‘ಮಣುಸಿಣಿ’ಯು ಆ ಎತ್ತರದಲ್ಲಿ ಗಂಡಿನ ದೇಹದವನು. ಕಲ್ಯಾಣದ ವಿಜ್ಞಾನೇಶ್ವರನು ಮಗಳನ್ನು ಮಗನೆಂದು ಓದಿದ್ದು ಅವಳಿಗೆ ಸ್ಥಾನ ಕೊಡಲು. ಇಲ್ಲಿ ಸ್ತ್ರೀಯನ್ನು ಪುರುಷನೆಂದು ಓದಿದ್ದು ಸ್ತ್ರೀಗೆ ಸ್ಥಾನವನ್ನು ನಿರಾಕರಿಸಲು. ಎರಡು ಕಡೆಯೂ ಸ್ಥಾನವು ಮೊದಲೇ ಗಂಡಿನದೆಂದು ತೀರ್ಮಾನವಾಗಿತ್ತು. ಉಳಿದದ್ದು ಅದಕ್ಕೆ ಹೊಂದುವಂತೆ ಶಬ್ದಕ್ಕೆ ಅರ್ಥ ಹೇಳುವ ಕೆಲಸ.

ಇದಕ್ಕೆ ಪ್ರತಿವಾದವೂ ಈ ನಾಡಿನಿಂದಲೇ ಬಂದಿತು. ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನನು ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಒಂದು ಪ್ರಕರಣವನ್ನು ಬರೆದನು. ಆತ ವೈಯಾಕರಣ, ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನಿಟ್ಟು ಅಮೋಘವೃತ್ತಿಯೆಂದು ಕರೆದವನು. ಅವನ ವಾದಗಳಲ್ಲಿ ನನಗೆ ಹೆಚ್ಚು ಬಲವಾಗಿ ತೋರುವುದು ಶಬ್ದಾರ್ಥದ್ದು. ಸ್ತ್ರೀ ಎಂಬ ಶಬ್ದ ಲೋಕದಲ್ಲಿ ಸ್ತ್ರೀದೇಹವುಳ್ಳವಳಿಗೇ ರೂಢವಾಗಿದೆ. ಮುಖ್ಯಾರ್ಥವು ಹೊಂದುತ್ತಿರುವಾಗ ಗೌಣಾರ್ಥವನ್ನು ಹಿಡಿಯಲು ಕಾರಣವೇನು? ದಿಗಂಬರ ಪಕ್ಷದಿಂದ ಪ್ರಭಾಚಂದ್ರಾಚಾರ್ಯರು ನ್ಯಾಯಕುಮುದಚಂದ್ರದಲ್ಲಿ ಸ್ತ್ರೀಮುಕ್ತಿಯನ್ನು ವಿಸ್ತಾರವಾಗಿ ಖಂಡಿಸಿದ್ದಾರೆ. ಈ ಚರ್ಚೆಯ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿ 1991ರಲ್ಲಿ ಪ್ರಕಟಿಸಿದವರು ತುಳುನಾಡಿನ ನೆಲ್ಲಿಕಾರಿನವರಾದ ಪದ್ಮನಾಭ ಜೈನಿ.

ಸೂತ್ರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದಾಗ ಅವರ ಮುಂದಿದ್ದ ಪ್ರತಿಗಳಲ್ಲಿ ‘ಸಂಜದ’ ಪದವಿರಲಿಲ್ಲ. ಟೀಕೆಯ ಚರ್ಚೆಗೆ ಅರ್ಥ ಬರಬೇಕಾದರೆ ಮೂಲದಲ್ಲಿ ಆ ಪದ ಇರಲೇಬೇಕೆಂದು ಸಂಪಾದಕರು ಸೂಚಿಸಿದರು. ಪಂಡಿತರಲ್ಲಿ ದೊಡ್ಡ ವಿವಾದವೆದ್ದಿತು. ಮೂಡಬಿದಿರೆಯ ತಾಡವೋಲೆಗಳನ್ನು ನೋಡಿದಾಗ ಹಳಗನ್ನಡ ಲಿಪಿಯ ಆ ಗರಿಗಳಲ್ಲಿ ಪದವು ಇದ್ದೇ ಇತ್ತು. ಪಾಠಸಂಪಾದನೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಆಗಮದ ಚರ್ಚೆಯಲ್ಲಿ ಪಣಕ್ಕಿದ್ದುದು ಮೋಕ್ಷ. ಬಸವಿಯ ಬಾಳಿನಲ್ಲಿ ಅನ್ನ. ಪುರುಷರ ಹಕ್ಕೆಂಬ ಫಾಸೆಟ್ಟನ ಮಾತನ್ನು ಹಿಡಿದು ಅದೊಂದು ಸ್ವಾತಂತ್ರ್ಯವೆಂದು ಸಂಭ್ರಮಿಸುವವರ ಜೊತೆ ನಾನಿಲ್ಲ. ಮಗನ ಹಕ್ಕಿನ ಜೊತೆಗೆ ಮಗನ ಹೊರೆಯೂ ಅವಳ ತಲೆಗೆ ಬಂದಿತು: ಮುಪ್ಪಿನ ತಂದೆತಾಯಿ, ತಂಗಿಯರ ಮದುವೆ, ಸಾಲ. ಗಂಡುಮಗನು ದುಡಿಮೆಯಿಂದ ತೀರಿಸುವುದನ್ನು ಅವಳು ಅನೇಕ ವೇಳೆ ದೇಹದಿಂದ ತೀರಿಸಬೇಕಾಯಿತು. ಹಂಚಿಕೊಳ್ಳಲು ಹೊಲವೇ ಇಲ್ಲದ ದಲಿತ ಮನೆಗಳಲ್ಲಿ ಮಗನ ಪಾಲೆಂಬುದಕ್ಕೆ ಏನು ಅರ್ಥ? ಉತ್ತರ ಕರ್ನಾಟಕದ ಜೋಗತಿಯರನ್ನು ಕುರಿತು 2014ರಲ್ಲಿ ಪುಸ್ತಕ ಪ್ರಕಟಿಸಿದ ಲುಸಿಂಡಾ ರಾಂಬರ್ಗ್ ಅವರೂ ಅರ್ಪಿತೆಯಾದ ಮಗಳು ಬಂಧುತ್ವದಲ್ಲಿ ಮಗನ ಸ್ಥಾನವನ್ನು ತುಂಬುವುದನ್ನು ಗುರುತಿಸಿದ್ದಾರೆ. ಪದ್ಧತಿಯನ್ನು ನಿಷೇಧಿಸಿದಾಗ ಅರ್ಪಣೆ ಅಪರಾಧವಾಯಿತು, ಸರಿಯೇ. ಆದರೆ ಅರ್ಪಣೆಯಿಂದ ಬಂದಿದ್ದ ಮಗನ ಸ್ಥಾನಕ್ಕೆ ಬದಲಾಗಿ ಏನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ನದಿಯಾಚೆಗೆ 1947ರಲ್ಲಿಯೇ ಮದ್ರಾಸಿನ ನಿಷೇಧ ಕಾನೂನು ಬಂದಿತ್ತು. ಅದು ರಾಯಚೂರಿಗೆ ಅನ್ವಯಿಸಲಿಲ್ಲ. ಕರ್ನಾಟಕದ ದೇವದಾಸಿ ಅರ್ಪಣೆ ನಿಷೇಧ ಕಾನೂನು 1982ರದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ. ಆ ತಿದ್ದುಪಡಿಯು ಮಗಳಿಗೆ ಮಗನಿಗಿರುವ ರೀತಿಯಲ್ಲಿಯೇ ಹಕ್ಕೆಂದು ಹೇಳಿ, ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಮದುವೆಯಾಗಿ ಹೋದವಳು ಮಗನಲ್ಲ, ಮನೆಯಲ್ಲಿ ಉಳಿದವಳು ಮಾತ್ರ ಮಗ ಎಂಬ ಬಸವಿಯ ಮನೆಯ ತರ್ಕವೇ ಶಾಸನಸಭೆಯ ಭಾಷೆಯಲ್ಲಿ ಮರಳಿ ಬಂದಿತ್ತು. ಮದುವೆಯಾದವರಿಗೂ ಆ ಹಕ್ಕು ಸಿಕ್ಕಿದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಅದರ ಪಾಠದಲ್ಲಿಯೂ ಮಗಳ ಹಕ್ಕನ್ನು ಹೇಳುವ ಅಳತೆಗೋಲು ಮಗನೇ.