ಹುಟ್ಟುವ ನಕ್ಷತ್ರದ ಎರಡು ಚಿಲುಮೆಗಳು

ಅನಿಲ ಮತ್ತು ಧೂಳಿನ ಮೋಡ ತನ್ನದೇ ಗುರುತ್ವಾಕರ್ಷಣೆಯಿಂದ ಒಳಕ್ಕೆ ಕುಸಿದಾಗ ನಕ್ಷತ್ರ ಹುಟ್ಟುತ್ತದೆ. ಹಾಗಿದ್ದರೆ ಎಲ್ಲವೂ ಒಳಕ್ಕೇ ಹೋಗಬೇಕಲ್ಲವೆ? ಆದರೆ ಹುಟ್ಟುತ್ತಿರುವ ನಕ್ಷತ್ರ ಅದೇ ಹೊತ್ತಿಗೆ ಎರಡು ವಿರುದ್ಧ ದಿಕ್ಕುಗಳಿಗೆ ಅನಿಲವನ್ನು ಚಿಮ್ಮುತ್ತದೆ. ಇದನ್ನು ಅರಿಯಲು ಖಗೋಳ ವಿಜ್ಞಾನಿಗಳಿಗೆ ಸುಮಾರು 90 ವರ್ಷ ಹಿಡಿಯಿತು.

ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿದ್ದ ಎಸ್.ಡಬ್ಲ್ಯು. ಬರ್ನ್‌ಹ್ಯಾಮ್ ಅವರಿಗೆ 1890ರಲ್ಲಿ ವೃಷಭ ರಾಶಿಯ 'ಟಿ ಟೌರಿ' ನಕ್ಷತ್ರದ ಬಳಿ ಮಸುಕಾದ ಬೆಳಕಿನ ಕಲೆಯೊಂದು ಕಂಡಿತು. ಅದರ ಮಹತ್ವ ಆಗ ಯಾರಿಗೂ ಹೊಳೆಯಲಿಲ್ಲ. 1940ರ ದಶಕದಲ್ಲಿ ಅದೇ ಲಿಕ್‌ನ ಜಾರ್ಜ್ ಹರ್ಬಿಗ್ ಮತ್ತು ಮೆಕ್ಸಿಕೊದ ಟೊನಾಂಟ್ಸಿಂಟ್ಲಾ ವೀಕ್ಷಣಾಲಯದ ಗಿಯೆರ್ಮೊ ಹಾರೊ, ಒಬ್ಬರಿಗೊಬ್ಬರು ತಿಳಿಯದೆ, ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಇಂಥವೇ ಕಲೆಗಳನ್ನು ಗುರುತಿಸಿದರು. 1949ರ ಡಿಸೆಂಬರ್‌ನಲ್ಲಿ ಅಮೆರಿಕದ ಟೂಸಾನ್ ಸಮ್ಮೇಳನದಲ್ಲಿ ಇಬ್ಬರೂ ಭೇಟಿಯಾದರು.

ಈ ಕಲೆಗಳಿಗೆ 'ಹರ್ಬಿಗ್-ಹಾರೊ ಕಾಯಗಳು' ಎಂಬ ಹೆಸರಿಟ್ಟವರು ಸೋವಿಯತ್ ಆರ್ಮೇನಿಯಾದ ವಿಕ್ಟರ್ ಅಂಬಾರ್ಟ್ಸುಮಿಯನ್. ಇವು ನಕ್ಷತ್ರದ ಬಾಲ್ಯಾವಸ್ಥೆಯೇ ಇರಬಹುದೆಂದು 1954ರಲ್ಲಿ ಅವರು ಸೂಚಿಸಿದರು. ಎಳೆಯ ನಕ್ಷತ್ರಗಳ ನೆರೆಯಲ್ಲೇ ಅವು ಕಾಣುತ್ತಿದ್ದುದರಿಂದ ಆ ಊಹೆ ಸಹಜವಾಗಿತ್ತು.

ಆದರೆ ಕಲೆಗಳೊಳಗೆ ನಕ್ಷತ್ರ ಇರಲಿಲ್ಲ. ಅವುಗಳ ಬೆಳಕು ಸ್ಫೋಟಗೊಂಡ ನಕ್ಷತ್ರದ ಅವಶೇಷಗಳ ಬೆಳಕನ್ನು ಹೋಲುತ್ತದೆ, ವೇಗದ ಅನಿಲ ಸುತ್ತಲಿನ ಅನಿಲಕ್ಕೆ ಬಡಿದು ಕಾದು ಹೊಳೆಯುತ್ತಿದೆ ಎಂದು 1975ರಲ್ಲಿ ರಿಚರ್ಡ್ ಶ್ವಾರ್ಟ್ಜ್ ವಾದಿಸಿದರು. ಇಂಥ ಕಾಯಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಕಿಲೊಮೀಟರ್ ವೇಗದಲ್ಲಿ ಓಡುತ್ತಿವೆ ಎಂಬುದು 1979ರಲ್ಲಿ ಗೊತ್ತಾಯಿತು. ಮರುವರ್ಷ ರೇಡಿಯೊ ದೂರದರ್ಶಕಗಳು ವೃಷಭ ರಾಶಿಯ ಎಲ್ 1551 ಮೋಡದಲ್ಲಿ ಎರಡೂ ಕಡೆಗೆ ಹೊರಡುವ ಅನಿಲ ಪ್ರವಾಹವನ್ನು ಪತ್ತೆ ಮಾಡಿದವು. 1983ರಲ್ಲಿ ಕಿರಿದಾದ ಚಿಲುಮೆಗಳೇ ಚಿತ್ರಗಳಲ್ಲಿ ಸೆರೆಯಾದವು. ಅಂದರೆ, ಕಂಡದ್ದು ಕೂಸಲ್ಲ, ಕೂಸು ಹೊರಚೆಲ್ಲಿದ್ದು!

ಚೆಲ್ಲುವುದೇಕೆ? ಕೈಚಾಚಿ ಗಿರಗಿರನೆ ತಿರುಗುವವರು ಕೈಗಳನ್ನು ಎದೆಗೆ ಎಳೆದುಕೊಂಡರೆ ಇನ್ನೂ ಜೋರಾಗಿ ತಿರುಗುತ್ತಾರೆ. ಕುಸಿಯುವ ಮೋಡದ ಪಾಡೂ ಅದೇ. ತಿರುಗಾಟ ಹೆಚ್ಚಿದಂತೆ ಅನಿಲ ಕೇಂದ್ರಕ್ಕೆ ಬೀಳದೆ ಸುತ್ತಲೂ ತಟ್ಟೆಯಂತೆ ಹರಡುತ್ತದೆ. ಈ ತಟ್ಟೆಯ ಕಾಂತಕ್ಷೇತ್ರ ಸ್ವಲ್ಪ ಅನಿಲವನ್ನು ಹೊರಗೆಸೆದು, ಅದರೊಂದಿಗೆ ತಿರುಗಾಟದ ಒಂದು ಪಾಲನ್ನೂ ಸಾಗಿಸುತ್ತದೆ ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಆಗ ಉಳಿದ ಅನಿಲ ಒಳಗೆ ಬಿದ್ದು ನಕ್ಷತ್ರ ಬೆಳೆಯುತ್ತದೆ. ಬೆಳೆಯಬೇಕಾದರೆ ಕಳೆದುಕೊಳ್ಳಲೇಬೇಕು.

1995ರಲ್ಲಿ ಪ್ರಕಟವಾದ ಹಬಲ್ ದೂರದರ್ಶಕದ ಎಚ್‌ಎಚ್ 30 ಚಿತ್ರದಲ್ಲಿ ತಟ್ಟೆಯೂ ಚಿಲುಮೆಯೂ ಒಟ್ಟಿಗೆ ಕಂಡವು. 2023ರಲ್ಲಿ ವೆಬ್ ದೂರದರ್ಶಕ ಎಚ್‌ಎಚ್ 211ರ ಚಿತ್ರ ಕಳುಹಿಸಿತು. ಅದರ ನಡುವಿನ ಕೂಸಿನ ದ್ರವ್ಯರಾಶಿ ಸೂರ್ಯನ ಶೇ 8ರಷ್ಟು ಮಾತ್ರ. ಮುಂದೆ ಅದು ಸೂರ್ಯನಂಥ ನಕ್ಷತ್ರವಾಗಲಿದೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯನೂ ಬಹುಶಃ ಹೀಗೆಯೇ ಇದ್ದಿರಬೇಕು.