ದಸರಾಕ್ಕೆ ಏನ್ ಕೊಡೋಣ ಅನ್ನೋವ್ರಿಗೆ ನಮ್ಮೂರಿನ ಉಡುಗೊರೆಗಳ ಕಥೆ

ಗೌರಿ ಹಬ್ಬ ಮುಗೀತು ಅಂದ್ರೆ ಉದಯಗಿರಿಯ ನಮ್ಮನೆ ಫೋನಿಗೆ ಬಿಡುವಿರಲ್ಲ. ಬೆಂಗಳೂರಿನ ನಾದಿನಿ, ಹಾಸನದ ದೊಡ್ಡಮ್ಮನ ಮಗಳು, ಅಮೆರಿಕದಲ್ಲಿರೋ ಅಕ್ಕನ ಸೊಸೆ, ಎಲ್ಲರದ್ದೂ ಒಂದೇ ಪ್ರಶ್ನೆ: "ದಸರಾಕ್ಕೆ ಬರ್ತಾ ಇದ್ದೀವಿ, ವಾಪಸ್ ಹೋಗ್ತಾ ಅಲ್ಲಿರೋರಿಗೆ ಕೊಡೋಕೆ ಮೈಸೂರಿಂದ ಏನ್ ತಗೊಂಡು ಹೋಗೋದು?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಗಂಟಲು ಒಣಗಿಸಿಕೊಳ್ಳೋ ಬದಲು ಎಲ್ಲರಿಗೂ ಒಟ್ಟಿಗೆ ಇಲ್ಲೇ ಬರೆದುಬಿಡ್ತೀನಿ. ಬರೀ ಪಟ್ಟಿ ಕೊಡಲ್ಲ, ಒಂದೊಂದು ವಸ್ತು ಎಲ್ಲಿಂದ ಬಂತು ಅನ್ನೋದನ್ನೂ ಹೇಳ್ತೀನಿ. ವಸ್ತುವಿನ ಕಥೆ ಗೊತ್ತಿದ್ದೋರನ್ನ ಅಂಗಡಿಯವನು ಅಷ್ಟು ಸುಲಭವಾಗಿ ಯಾಮಾರಿಸಕ್ಕಾಗಲ್ಲ ಕಣ್ರೀ.

ಮೊದಲು ಮಾತಿನಿಂದ ಶುರು ಮಾಡೋಣ. ಉಡುಗೊರೆ ಅನ್ನೋ ಪದದೊಳಗೇ 'ಉಡು' ಕೂತಿದೆ ನೋಡಿ. ಹಿಂದೆ ಮರ್ಯಾದೆ ಮಾಡೋದು ಅಂದ್ರೆ ಬಟ್ಟೆ ಕೊಡೋದು. ಅರಮನೆಯಲ್ಲಿ ಶಾಲು, ಅನುಕೂಲಸ್ಥರ ಮನೆಯಲ್ಲಿ ಸೀರೆ, ನಮ್ಮಂಥೋರ ಮನೆಯಲ್ಲಿ ರವಿಕೆ ಕಣ. ಈ ರವಿಕೆ ಕಣದ ಚರಿತ್ರೆಯನ್ನ ಯಾವ ಪಂಡಿತರೂ ಬರೆದಿಲ್ಲ, ಬರೆಯಬೇಕಿತ್ತು. ಅದರಷ್ಟು ಊರು ಸುತ್ತಿದ ಯಾತ್ರಿಕರು ಇನ್ಯಾರೂ ಇರಲಿಕ್ಕಿಲ್ಲ. ನಾನು ಕೊಟ್ಟದ್ದು ಅತ್ತಿಗೆ ಮನೆಗೆ ಹೋಗಿ, ಅಲ್ಲಿಂದ ಅವರ ಬೀಗರ ಮನೆಗೆ ಹೋಗಿ, ನಾಲ್ಕು ಗೃಹಪ್ರವೇಶ, ಎರಡು ಸೀಮಂತ ನೋಡಿಕೊಂಡು, ಮಡಿಕೆ ಕೂಡ ಬಿಚ್ಚದೆ ಮತ್ತೆ ನಮ್ಮನೆ ಬೀರುವಿಗೇ ಬಂದು ಕೂರುತ್ತೆ. ಅಷ್ಟು ಬಣ್ಣಗಳಿದ್ರೂ ಯಾರ ಹತ್ರಾನೂ ಇರೋ ಸೀರೆಗೆ ಹೊಂದದ ಬಣ್ಣವನ್ನೇ ಹುಡುಕಿ ನೇಯೋದು ಹೇಗೋ, ಆ ನೇಕಾರರಿಗೇ ಗೊತ್ತು.

ಇದಕ್ಕೆ ಕಾರಣ ಮುಯ್ಯಿ. ನಮ್ಮ ಕಡೆ ಮದುವೆಗಳಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಪುಸ್ತಕದಲ್ಲಿ ಬರೆದಿಡ್ತಾರೆ. ಅವರ ಮನೆ ಮದುವೆ ಬಂದಾಗ ಆ ಪುಸ್ತಕ ತೆಗೆದು ನೋಡಿ ಅಷ್ಟೇ, ಇಲ್ಲಾ ಹತ್ತು ರೂಪಾಯಿ ಜಾಸ್ತಿ, ವಾಪಸ್ ಮಾಡಬೇಕು. ತಪ್ಪೇನಿಲ್ಲ, ಬ್ಯಾಂಕು ಇಲ್ಲದ ಕಾಲದಲ್ಲಿ ಒಂದು ಮದುವೆ ಎತ್ತಿ ನಿಲ್ಲಿಸ್ತಾ ಇದ್ದದ್ದೇ ಈ ಲೆಕ್ಕ. ನಮ್ಮ ಬೀದಿಯಲ್ಲೂ ಅದೇ ಪದ್ಧತಿ ನಡೀತದೆ. ರಂಜಾನ್‌ಗೆ ಎದುರು ಮನೆ ಆಪಾ ಡಬ್ಬಿ ತುಂಬ ಶೀರ್ ಖುರ್ಮಾ ಕಳಿಸ್ತಾರೆ, ಆ ಡಬ್ಬಿ ಖಾಲಿ ವಾಪಸ್ ಹೋಗೋ ಹಾಗಿಲ್ಲ. ಯುಗಾದಿ ಒಬ್ಬಟ್ಟು ಹೋಗತ್ತೆ, ಅಲ್ಲಿಂದ ಮತ್ತೇನೋ ಬರತ್ತೆ. ಕೊನೆಗೆ ಡಬ್ಬಿ ಯಾರದ್ದು ಅನ್ನೋದೇ ಇಬ್ಬರಿಗೂ ಮರೆತುಹೋಗಿದೆ.

ಆದ್ರೆ ನಮ್ಮ ಹಿರಿಯರು ಮುಯ್ಯಿ ಲೆಕ್ಕದ ಜೊತೆಗೆ ಇನ್ನೊಂದು ಬುದ್ಧಿವಂತಿಕೆಯನ್ನೂ ಇಟ್ಟಿದ್ರು. ಗೌರಿ ಬಾಗಿನದ ಮೊರ ಬಿಚ್ಚಿ ನೋಡಿ. ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ. ರವಿಕೆ ಕಣ ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ದಿನಾ ಬಳಸೋದು, ಇಲ್ಲಾ ತಿಂದು ಮುಗಿಸೋದು. ಕೊನೆಗೆ ಮೊರ ಕೂಡ ಅಕ್ಕಿ ಕೇರೋಕೆ ಆಗ್ತಿತ್ತು. ಬಳಸಿ ಮುಗಿಸೋ ವಸ್ತು ಕೊಟ್ರೆ ಕೊಟ್ಟೋರ ನೆನಪು ಉಳಿಯುತ್ತೆ, ಅಟ್ಟದ ಮೇಲೆ ಧೂಳು ಉಳಿಯಲ್ಲ. ಈ ಒಂದು ಮಾತು ಹಿಡ್ಕೊಂಡು ಮೈಸೂರು ಸುತ್ತಿದ್ರೆ ಅರ್ಧ ಶಾಪಿಂಗ್ ಮುಗಿದ ಹಾಗೇ.

ಮೊದಲನೆಯದು ಮೈಸೂರು ಸ್ಯಾಂಡಲ್ ಸೋಪು. "ಅಯ್ಯೋ ಸೋಪಾ?" ಅಂತ ಮೂಗು ಮುರೀಬೇಡಿ. ಈ ಸೋಪು ಹುಟ್ಟಿದ್ದೇ ಒಂದು ಉಡುಗೊರೆಯಿಂದ. ನಮ್ಮ ಶ್ರೀಗಂಧದ ಮರ ಮೊದಲು ತುಂಡು ತುಂಡಾಗಿ ಯುರೋಪಿಗೆ ಹೋಗ್ತಿತ್ತು, ಅಲ್ಲಿ, ಹೆಚ್ಚಾಗಿ ಜರ್ಮನಿಯಲ್ಲಿ, ಎಣ್ಣೆ ತೆಗೀತಿದ್ರು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿಹೋಯ್ತು, ಗಂಧ ಇಲ್ಲೇ ರಾಶಿ ಬಿತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ತೆಗೆಯೋ ವಿಧಾನ ಕಂಡುಕೊಂಡ್ರು. 1916ರಲ್ಲಿ ಬೆಂಗಳೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯ್ತು, ಮುಂದಿನ ವರ್ಷ ನಮ್ಮ ಮೈಸೂರಲ್ಲೂ ಆಯ್ತು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜರು, ವಿಶ್ವೇಶ್ವರಯ್ಯನವರು ದಿವಾನರು. 1918ರಲ್ಲಿ ಪರದೇಶದ ಅತಿಥಿಯೊಬ್ಬರು ಮಹಾರಾಜರಿಗೆ ನಮ್ಮ ಗಂಧದೆಣ್ಣೆಯಿಂದಲೇ ಮಾಡಿದ ಸೋಪುಗಳನ್ನ ಕಾಣಿಕೆ ಕೊಟ್ರಂತೆ. ನಮ್ಮನೆ ಹಾಲಲ್ಲಿ ಮಾಡಿದ ಪಾಯಸವನ್ನ ನಮಗೇ ತಂದುಕೊಟ್ಟ ಹಾಗೆ! ನಾವೇ ಯಾಕೆ ಮಾಡಬಾರದು ಅಂತ ಎಸ್. ಜಿ. ಶಾಸ್ತ್ರಿ ಅನ್ನೋ ರಸಾಯನಶಾಸ್ತ್ರಜ್ಞರನ್ನ ಇಂಗ್ಲೆಂಡಿಗೆ ಕಳಿಸಿ ಸೋಪಿನ ವಿದ್ಯೆ ಕಲಿಸಿಕೊಂಡು ಬಂದ್ರು. ಒಡವೆ ಪೆಟ್ಟಿಗೆ ಥರಾ ಡಬ್ಬಿ, ಅದರ ಮೇಲೆ ಆನೆ ತಲೆ ಸಿಂಹದ ಮೈಯ ಶರಭ. ಮುಯ್ಯಿ ತೀರಿಸೋದು ಅಂದ್ರೆ ಇದಪ್ಪಾ.

ಸಲಹೆ ಏನಪ್ಪಾ ಅಂದ್ರೆ, ಮೂರು ಸೋಪಿನ ಡಬ್ಬಿ ಯಾರಿಗೆ ಬೇಕಾದ್ರೂ ಕೊಡಬಹುದು. ಜಾತಿ ಇಲ್ಲ, ಮಡಿ ಇಲ್ಲ, ಅಳತೆ ಸರಿ ಇಲ್ಲ ಅನ್ನೋ ರಗಳೆ ಇಲ್ಲ. ಸರ್ಕಾರಿ ಮಳಿಗೆಯಲ್ಲೋ ನಂಬಿಕೆಯ ಅಂಗಡಿಯಲ್ಲೋ ತಗೊಳ್ಳಿ, ಡಬ್ಬಿ ಮೇಲಿನ ಶರಭ ನೋಡಿ. ಒಂದೇ ಎಚ್ಚರ: ಸೂಟ್‌ಕೇಸಿನಲ್ಲಿ ಸೋಪಿನ ಪಕ್ಕ ಮೈಸೂರು ಪಾಕ್ ಇಡಬೇಡಿ. ಗಂಧದ ಮೈಸೂರು ಪಾಕ್ ತಿಂದ ಬೀಗರು ನಿಮ್ಮನ್ನ ಜನ್ಮದಲ್ಲಿ ಮರೆಯಲ್ಲ, ಆದ್ರೆ ಆ ಥರದ ನೆನಪು ಬೇಡ.

ಎರಡನೆಯದು ರೇಷ್ಮೆ. ಮೈಸೂರು ಸೀಮೆಗೆ ರೇಷ್ಮೆ ಹುಳು ಸಾಕೋ ಕಸುಬನ್ನ ತಂದದ್ದು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್. ಅದನ್ನ ಕಾರ್ಖಾನೆಗೆ ತಂದದ್ದು ನಾಲ್ವಡಿಯವರು, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ. ಮೊದಲು ಅರಮನೆಯವರಿಗೆ ಅಂತ ನೇಯ್ದದ್ದು, ಆಮೇಲೆ ನಮ್ಮಂಥೋರ ಮದುವೆ ಪೆಟ್ಟಿಗೆಗೂ ಇಳೀತು. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸ್ತಾ ಇದೆ. ನೂಲು ಬಿಚ್ಚೋದು ಟಿ. ನರಸೀಪುರದಲ್ಲಿ, ನೇಯೋದು ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ. ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ.

ಇಲ್ಲಿ ಯಾಮಾರೋದು ಹೇಗೆ ಅಂದ್ರೆ, ಬೋರ್ಡಿನಲ್ಲಿ 'ಮೈಸೂರು ಸಿಲ್ಕ್' ಅಂತ ಬರೆದಿರೋ ಅಂಗಡಿಗಳೆಲ್ಲಾ ನಿಗಮದ್ದಲ್ಲ. ಆಟೋದವರು "ಫ್ಯಾಕ್ಟರಿ ರೇಟು ಅಮ್ಮಾ" ಅಂತ ಯಾವ ಫ್ಯಾಕ್ಟರಿಗೆ ಕರ್ಕೊಂಡು ಹೋಗ್ತಾರೋ ಆ ಚಾಮುಂಡಿಗೇ ಗೊತ್ತು. ನಿಗಮದ ಮಳಿಗೆಗೇ ಹೋಗಿ, ಸೀರೆ ಮೇಲೆ ನೇಯ್ದಿರೋ ಕೋಡ್ ನಂಬರ್, ಹಾಲೋಗ್ರಾಂ ನೋಡಿ, ರಸೀದಿ ತಗೊಳ್ಳಿ. ಮತ್ತೆ, ಸೀರೆ ಯಾರಿಗೆ ಕೊಡ್ತೀರೋ ಅವರನ್ನೇ ಜೊತೆಗೆ ಕರ್ಕೊಂಡು ಹೋಗಿ. ಬೆರಗು ಮಾಡಿಸ್ತೀನಿ ಅಂತ ಒಬ್ಬರೇ ಹೋಗಿ ಬಣ್ಣ ಆರಿಸಿದ್ರೆ, ಮೇಲೆ ಹೇಳಿದೆನಲ್ಲ ರವಿಕೆ ಕಣದ ಯಾತ್ರೆ, ಅದನ್ನ ಈ ಸೀರೆಯೂ ಮಾಡುತ್ತೆ. ಅಷ್ಟು ದುಬಾರಿ ಯಾತ್ರೆ ಬೇಡ.

ಮೂರನೆಯದು ಊದುಬತ್ತಿ. ಇದನ್ನ ಹೇಳೋಕೇ ನಾನು ಇಷ್ಟೆಲ್ಲಾ ಬರೆದದ್ದು ಅಂದ್ರೂ ಸರಿಯೇ.

ಊದಿ ಆರಿಸ್ತೀವಲ್ಲ, ಅದಕ್ಕೇ ಊದುಬತ್ತಿ ಅಂತ ನಮ್ಮಜ್ಜಿ ಹೇಳೋರು. ಪದದ ಬೇರು ಇನ್ನೂ ಚೆನ್ನಾಗಿದೆ. 'ಊದ್' ಅಂದ್ರೆ ಅರಬ್ಬಿಯಲ್ಲಿ ಒಂದು ಸುಗಂಧದ ಮರ. ಸಂಸ್ಕೃತದಲ್ಲಿ ಅದೇ ಮರಕ್ಕೆ ಅಗರು. ದೇವರ ಮನೆಯಲ್ಲಿ ನಾವು ಅಗರಬತ್ತಿ ಅನ್ನಿ, ದರ್ಗಾದಲ್ಲಿ ಅವರು ಊದ್ ಅನ್ನಲಿ, ಹೆಸರಿಟ್ಟದ್ದು ಒಂದೇ ಮರಕ್ಕೆ. ನಮ್ಮ ಉದಯಗಿರಿಗೆ ಇದಕ್ಕಿಂತ ಹೊಂದೋ ಉಡುಗೊರೆ ಇನ್ನೊಂದು ಹೇಳಿ ನೋಡೋಣ.

ಇಪ್ಪತ್ತನೇ ಶತಮಾನದಲ್ಲಿ ಇದು ಮೈಸೂರಿನ ದೊಡ್ಡ ಕಸುಬಾಯ್ತು. ಸೈಕಲ್ ಬ್ರಾಂಡ್ ಮಾಡೋ ಎನ್. ರಂಗರಾವ್ ಅಂಡ್ ಸನ್ಸ್ ಶುರುವಾದದ್ದು 1948ರಲ್ಲಿ. ಮೈಸೂರು ಅಗರಬತ್ತಿಗೆ ಈಗ ಭೌಗೋಳಿಕ ಗುರುತಿನ ಪಟ್ಟವೂ ಇದೆ. ಆದ್ರೆ ಡಬ್ಬಿ ಮೇಲೆ ಕಾಣದ ಒಂದು ವಿಷಯ ಇದೆ. ಬತ್ತಿ ಹೊಸೀತಾ ಇದ್ದದ್ದು ಬಹುಪಾಲು ಹೆಂಗಸರು, ಅದೂ ಮನೆಗಳಲ್ಲೇ ಕೂತು. ಇದ್ದಿಲ ಪುಡಿ, ಜಿಗಟಿನ ಪುಡಿ ಕಲಸಿ, ಹಲಗೆ ಮೇಲೆ ಬಿದಿರಿನ ಕಡ್ಡಿ ಇಟ್ಟು, ಅಂಗೈಯಲ್ಲಿ ಒಂದೇ ಸಮ ಹೊಸೆಯಬೇಕು. ದಪ್ಪ ಆದ್ರೆ ಬೇಡ ಅಂತಾರೆ, ತೆಳು ಆದ್ರೂ ಬೇಡ ಅಂತಾರೆ. ಕೂಲಿ ಸಾವಿರ ಕಡ್ಡಿಗೆ ಇಷ್ಟು ಅಂತ. ಸುಗಂಧ ಹಾಕೋದು, ಡಬ್ಬಿಗೆ ತುಂಬೋದು ಆಮೇಲೆ, ಬೇರೆ ಕಡೆ. ಹೊಸೆದ ಕೈಗೆ ಸಿಗೋದು ಮಸಿ ಮಾತ್ರ, ಘಮ ಅಲ್ಲ. ಎದುರು ಮನೆ ಆಪಾ ಮಕ್ಕಳ ಫೀಸು ಕಟ್ಟಿದ್ದು ಈ ಮಸಿಯಿಂದಲೇ. ಮಧ್ಯಾಹ್ನ ನಾವೆಲ್ಲಾ ಸೀರಿಯಲ್ ನೋಡೋವಾಗ ಅವರೂ ನೋಡ್ತಿದ್ರು, ಕಣ್ಣು ಟಿವಿ ಮೇಲೆ, ಕೈ ಹಲಗೆ ಮೇಲೆ.

ಆಮೇಲೆ ಮೆಷಿನ್ ಬಂತು. ವಿಯೆಟ್ನಾಂ, ಚೀನಾದಿಂದ ಸುಗಂಧ ಹಾಕದ ಬತ್ತಿ, ಕಡ್ಡಿ ಅಗ್ಗಕ್ಕೆ ಬಂದು ಬಿತ್ತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬತ್ತಿ ಆಮದಿಗೆ ಕಡಿವಾಣ ಹಾಕ್ತು. 2020ರ ಜೂನ್‌ನಲ್ಲಿ ಬಿದಿರಿನ ಕಡ್ಡಿ ಮೇಲಿನ ಸುಂಕವನ್ನ ಶೇಕಡಾ 10ರಿಂದ 25ಕ್ಕೆ ಏರಿಸ್ತು. ಆದ್ರೆ ಮೆಷಿನ್‌ಗೆ ಯಾರೂ ಕಡಿವಾಣ ಹಾಕಿಲ್ಲ, ಹಾಕೋಕೂ ಆಗಲ್ಲ. ಕೈಯಲ್ಲಿ ದಿನವಿಡೀ ಮಾಡೋದನ್ನ ಅದು ಊಟದ ಹೊತ್ತಿಗೆ ಮುಗಿಸುತ್ತೆ. ಆಪಾ ಮನೆ ಹಲಗೆ ಈಗ ಚಪಾತಿ ಲಟ್ಟಿಸೋಕೆ ಆಗಿದೆ.

ಹಾಗಾಗಿ ನನ್ನ ಸಲಹೆ: ಅಂಗಡಿಯಲ್ಲಿ ಕೈಯಲ್ಲಿ ಹೊಸೆದ ಬತ್ತಿ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ. ಮಸಾಲಾ ಬತ್ತಿಗಳಲ್ಲಿ ಇನ್ನೂ ಕೈಕೆಲಸ ಇದೆ. ಹತ್ತು ರೂಪಾಯಿ ಜಾಸ್ತಿ ಆದ್ರೆ ಆಗಲಿ ಬಿಡಿ. ಸೊಪ್ಪಿನವರ ಹತ್ರ ಚೌಕಾಸಿ ಮಾಡಿ ಉಳಿಸಿದ ದುಡ್ಡು ಇದೆಯಲ್ಲ, ಅದನ್ನ ಇಲ್ಲಿ ಖರ್ಚು ಮಾಡಿ ಪಾಪ ಕಳ್ಕೊಳ್ಳಿ.

ಇನ್ನು ಬಾಯಿಗೆ ಬರೋಣ. ಮೈಸೂರು ಪಾಕನ್ನ ಅರಮನೆ ಅಡುಗೆಮನೆಯಲ್ಲಿ ಮೊದಲು ಮಾಡಿದ್ದು ಕಾಕಾಸುರ ಮಾದಪ್ಪನವರು ಅಂತ ಮಾತು. ಅವರ ವಂಶದವರ ಗುರು ಸ್ವೀಟ್ ಮಾರ್ಟ್ ಈಗಲೂ ಸಯ್ಯಾಜಿರಾವ್ ರಸ್ತೆಯಲ್ಲಿದೆ. ದೂರದೂರಿಗೆ ಹೋಗೋರು ಗೂಡು ಗೂಡಾಗಿರೋ ಗಟ್ಟಿ ಪಾಕ್ ಒಯ್ಯಿರಿ, ಮೆತ್ತನೇದು ಬಸ್ಸಿನಲ್ಲೇ ಕರಗಿ ತುಪ್ಪ ಆಗಿ ಪಕ್ಕದೋರ ಚೀಲಕ್ಕೆ ಇಳಿಯುತ್ತೆ. ಹಲ್ಲಿಲ್ಲದ ಅತ್ತೆಯವರಿಗೆ ಮಾತ್ರ ಗಟ್ಟಿ ಪಾಕ್ ಕೊಡಬೇಡಿ, ಅದರ ಅರ್ಥ ಬೇರೆ ಆಗುತ್ತೆ. ಹತ್ತಿರದ ಊರಿನವರಾದ್ರೆ ದೇವರಾಜ ಮಾರ್ಕೆಟ್ಟಿಗೆ ನುಗ್ಗಿ ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ ತಗೊಳ್ಳಿ. ಎರಡು ದಿನದಲ್ಲಿ ಮುಗಿಯೋ ಉಡುಗೊರೆ, ಯಾರ ಬೀರುವಿಗೂ ಭಾರ ಅಲ್ಲ.

ಮಕ್ಕಳಿಗೆ ಚನ್ನಪಟ್ಟಣದ ಬೊಂಬೆ. ಆಲೆ ಮರ ಕಡೆದು ಬಣ್ಣದ ಅರಗು ಹಚ್ಚಿ ಮಾಡ್ತಾರೆ. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ಸಿಗುತ್ತೆ. ಮದುವೆ ಗೊತ್ತಾದ ಹುಡುಗಿ ಮನೆಯಲ್ಲಿದ್ರೆ ಪಟ್ಟದ ಬೊಂಬೆ ಜೋಡಿ ಕೊಡಿ. ತೌರುಮನೆಯಿಂದ ರಾಜ ರಾಣಿ ಜೊತೆಗೆ ಹೋಗೋದು ನಮ್ಮ ಕಡೆ ಹಳೇ ಪದ್ಧತಿ. ವರ್ಷವರ್ಷ ಬಟ್ಟೆ ಉಡಿಸಿ ಕೂರಿಸೋ ನೆಪದಲ್ಲಿ ಹುಡುಗಿಗೆ ಅಮ್ಮನ ನೆನಪಾಗುತ್ತೆ. ಬಳಸಿ ಮುಗಿಯದ ವಸ್ತುಗಳಲ್ಲಿ ನಾನು ಒಪ್ಪೋದು ಇದೊಂದನ್ನೇ.

ದಸರಾ ವಸ್ತುಪ್ರದರ್ಶನಕ್ಕೂ ಹೋಗಿಬನ್ನಿ. 1880ರಲ್ಲಿ ಹತ್ತನೇ ಚಾಮರಾಜ ಒಡೆಯರು ಹೊಸ ಹೊಸ ವಿಷಯಗಳನ್ನ ಜನರಿಗೆ ತೋರಿಸೋಕೆ ಅಂತ ಶುರು ಮಾಡಿಸಿದ್ದು. ಈಗ ಅಲ್ಲಿ ಹೋದೋರು ಒಂದೇ ಕೈಯಲ್ಲಿ ಹತ್ತು ತರಕಾರಿ ಹೆಚ್ಚೋ ಯಂತ್ರ ತಗೊಂಡು ಬರ್ತಾರೆ. ಅಲ್ಲಿ ಅವನು ಹೆಚ್ಚಿ ತೋರಿಸೋವಾಗ ಕ್ಯಾರೆಟ್ ಮಲ್ಲಿಗೆ ಹೂವಾಗುತ್ತೆ, ಮನೆಗೆ ಬಂದಮೇಲೆ ಹೆಚ್ಚೋದು ಬೆರಳು. ಮೆಣಸಿನಕಾಯಿ ಬಜ್ಜಿ, ಹಪ್ಪಳ ತಿಂದು ಖಾಲಿ ಕೈಯಲ್ಲಿ ಬನ್ನಿ.

ಕೊನೇ ಮಾತು, ಇದು ಸ್ವಲ್ಪ ಖಾರ. ಪಟ್ಟಿ ಮಾಡೋವಾಗ ನಾವು ಮೊದಲು ಬರೆಯೋದು ಬೀಗರನ್ನ, ಕೊನೆಗೆ ಮನೆಕೆಲಸದೋರನ್ನ. ಬೀಗರಿಗೆ ಹೊಸ ಸೀರೆ, ಕೆಲಸದೋರಿಗೆ ಊರು ಸುತ್ತಿ ಬಂದ ಅದೇ ರವಿಕೆ ಕಣ, ಜೊತೆಗೆ ಮೊನ್ನೆಯ ಸಿಹಿ. ಅವರು ಮುಯ್ಯಿ ಮಾಡಕ್ಕಾಗಲ್ಲ ಅಂತ ನಮಗೆ ಗೊತ್ತು, ಅದಕ್ಕೇ ಈ ಸಸಾರ. ಮುಯ್ಯಿ ವಾಪಸ್ ಬರೋ ಕಡೆ ಕೊಟ್ಟದ್ದು ಸಾಲ ಕಣ್ರಮ್ಮಾ, ಬರದ ಕಡೆ ಕೊಟ್ಟದ್ದೇ ಉಡುಗೊರೆ. ಈ ಸಲ ಪಟ್ಟಿಯನ್ನ ತಲೆಕೆಳಗು ಮಾಡಿ ನೋಡಿ. ಬೀಗರಿಗೆ ಮೂರು ಸೋಪಿನ ಡಬ್ಬಿ ಸಾಕು. ಕೆಲಸದೋರಿಗೆ ಅವರೇ ಬಣ್ಣ ಆರಿಸಿದ ಸೀರೆ, ಮೇಲೊಂದಿಷ್ಟು ದುಡ್ಡು, ಆಯುಧಪೂಜೆಗೆ ಮುಂಚೇನೇ, ಅವರ ಮನೆ ಹಬ್ಬಕ್ಕೆ ಆಗೋ ಹಾಗೆ. ಬೀಗರು ಮುನಿಸಿಕೊಂಡ್ರೆ ನನ್ನ ಹೆಸರು ಹೇಳಿ, ಆ ಗಟ್ಟಿ ಮೈಸೂರು ಪಾಕ್ ಬಾಯಿಗಿಡಿ. ಅದು ಕರಗೋವರೆಗೂ ಯಾರೂ ಮಾತಾಡಲ್ಲ.